ಕಾರು ಕಂಪನಿಗಳ ಧಣಿಗಳಿಗೆ ಚಳ್ಳಕೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಧಣಿಗಳೇ,

ಸರ್ವಿಸ್ ಮ್ಯಾನುಯಲ್ ನಮ್ಮೂರ ಗ್ಯಾರೇಜುಗಳ ಕೈಗೆ ಸಿಗದಂತೆ ಕಾಪಾಡಿಕೊಂಡು ಬಂದಿರುವ ತಮಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಿಂದ ನಮಸ್ಕಾರ. ಸಿಕ್ಕರೆ ಮೆಕ್ಯಾನಿಕ್‌ಗಳು ಓದಿಬಿಡುತ್ತಾರೆಂಬ ತಮ್ಮ ಆತಂಕ ನ್ಯಾಯವಾದುದೇ. ಅವರು ಓದೇ ಓದುತ್ತಾರೆ.

ಇಂಜಿನ್ನಿಗೆ ಹೆಡ್ ಕೂರಿಸುವ ಕೆಲಸವನ್ನೇ ನೋಡಿ. ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಹೇಳಿದ ಸರದಿಯಲ್ಲೇ, ಹಂತ ಹಂತವಾಗಿ ಟಾರ್ಕ್ ರೆಂಚ್ ಹಿಡಿದು ಬಿಗಿಯಬೇಕು. ಎಷ್ಟು ಬಿಗಿ ಎಂಬ ಅಂಕಿ ಒಂದೊಂದು ಇಂಜಿನ್ನಿಗೆ ಒಂದೊಂದು. ಕೆಲವು ಬೋಲ್ಟು ಬಿಗಿದಾಗಲೇ ಹಿಗ್ಗುವಂಥವು, ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ನೋಡಲು ಮಾತ್ರ ಎಲ್ಲವೂ ಒಂದೇ ಥರ. ಎಷ್ಟು ವರ್ಷ ಪಳಗಿದ ಕೈಗೂ ಇದು ತಾನಾಗಿ ತಿಳಿಯುವುದಿಲ್ಲ. ಅಂದಾಜಿನ ಮೇಲೆ ಬಿಗಿದರೆ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಆಯಿಲಿಗೆ ಇಳಿಯುತ್ತದೆ, ಹಿರಿಯೂರು ಮುಟ್ಟುವ ಮೊದಲೇ ಗಾಡಿ ಕಾದು ನಿಲ್ಲುತ್ತದೆ. ಮೊಳಕಾಲ್ಮೂರಿನ ನೇಕಾರರಿಂದ ಜಕಾರ್ಡ್‌ನ ರಟ್ಟಿನ ಕಾರ್ಡು ಕಿತ್ತುಕೊಂಡು, ಸೆರಗಿನ ನವಿಲನ್ನು ನೆನಪಿನಿಂದಲೇ ನೇಯಿರಿ ಅಂದಂತಾಯಿತು.

2020ರ ಏಪ್ರಿಲ್ 1ಕ್ಕೆ ಬಿಎಸ್-6 ಹೊಗೆ ನಿಯಮ ಬಂತು. ಬೈಕಿನ ಕಾರ್ಬುರೇಟರೂ ಹೋಗಿ ಸೆನ್ಸರ್ ಬಂದವು. ಸದ್ದು ಕೇಳಿ ಸ್ಕ್ರೂ ತಿರುಗಿಸುತ್ತಿದ್ದವರು ಈಗ ಸ್ಕ್ಯಾನರ್ ತೋರಿಸುವ ಕೋಡ್ ಹಿಡಿದು, ಯಾವ ಪಿನ್ನಿಗೆ ಎಷ್ಟು ವೋಲ್ಟ್ ಬರಬೇಕೆಂದು ಹುಡುಕುತ್ತಾರೆ. ಸದ್ದಿನಲ್ಲಿ ವೋಲ್ಟ್ ಕೇಳಿಸುವುದಿಲ್ಲವಲ್ಲ.

ಮ್ಯಾನುಯಲ್‌ಗೆ ತಾವು ಹಾಕಿದ ಇಂಥ ಕಾವಲಿಗೆ ಸ್ಪರ್ಧಾ ಆಯೋಗ ಕೊಟ್ಟ ಬಹುಮಾನ ಮಾತ್ರ ವಿಚಿತ್ರ. ಬಿಡಿಭಾಗ, ತಪಾಸಣೆ ಉಪಕರಣ, ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೀರೆಂದು 2014ರ ಆಗಸ್ಟ್‌ನಲ್ಲಿ ತಮ್ಮ ಪೈಕಿ 14 ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ಹೋದವರು ಹೋದರು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ಲನ್ನೂ ತೆರೆಯಿತು. ತಾವು ಧೃತಿಗೆಡಲಿಲ್ಲ.

ನಮ್ಮ ತಾಲ್ಲೂಕಿನಲ್ಲೇ ಡಿಆರ್‌ಡಿಒದವರು 2016ರ ನವೆಂಬರ್‌ನಲ್ಲಿ ಪೈಲಟ್ ಇಲ್ಲದ ರುಸ್ತುಂ-2 ವಿಮಾನ ಹಾರಿಸಿದರು. ಅದರ ಪುಸ್ತಕವನ್ನು ಯಾರೂ ಕೇಳುತ್ತಿಲ್ಲ, ದೇಶದ ಭದ್ರತೆಯ ಮಾತು. ಹಳೇ ಕಾರಿನ ಕ್ಲಚ್ಚಿಗೂ ಅಷ್ಟೇ ಭದ್ರತೆ ಬೇಕೆಂದು ಶತ್ರುಗಳಿಗೂ ಹೊಳೆದಿರಲಿಕ್ಕಿಲ್ಲ.

ಒಂದೇ ಬಿನ್ನಹ. ಮನಸ್ಸು ಕರಗಿದರೆ ಇಡೀ ಪುಸ್ತಕ ಬೇಡ, ವೈರಿಂಗ್ ಡಯಾಗ್ರಾಂ ಇರುವ ಪುಟವಾದರೂ ಕಳಿಸಿ, ಬಣ್ಣದ್ದೇ ಕಳಿಸಿ. ಕೈಯಿಂದ ಕೈಗೆ ಬಂದ ಜೆರಾಕ್ಸಿನಲ್ಲಿ ಈಗ ಎಲ್ಲ ವೈರೂ ಕಪ್ಪೇ.

ಇಂತಿ ತಮ್ಮ ವಿಧೇಯ,
ವಾರಂಟಿ ಮುಗಿದ ಕಾರಿನ ಮಾಲೀಕ