ಟೇಪು ಕಾಯೋದಿಲ್ಲ ಅಕ್ಕ

"ಅಲ್ಲ ಕಣಪ್ಪ, ಮಗಳು ಮದ್ವೆ ಆಗಿ ಬಾಣಂತನಕ್ಕೆ ಬರೋ ಹೊತ್ಗೆ ಕ್ಯಾಸೆಟ್ಟು ಕೊಟ್ರಲ್ಲ ಆ ವಿಡಿಯೊದೋರು! ಅದೇನು ಅಷ್ಟು ದಿನ ಹಿಡಿಯೋ ಕೆಲ್ಸ?"

ಬೇಲಿಯಾಚೆಯ ಅಕ್ಕ ಕೇಳಿದ ಈ ಪ್ರಶ್ನೆ ಅವರೊಬ್ಬರದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಎಲ್ಲಿ ಮದುವೆ ಆಗಿದ್ದರೂ ಈ ದೂರು ಇದ್ದದ್ದೇ. ಆ ಕ್ಯಾಸೆಟ್ಟಿನ ಕಾಲದಲ್ಲಿ ಪಾಂಡವಪುರದಲ್ಲಿ ವಿಡಿಯೊ ಮಿಕ್ಸಿಂಗ್ ಮಾಡಿದವನು ನಾನು. ಹೇಳ್ತೀನಿ ಕೇಳಿ ಅಕ್ಕ.

ಕತ್ತರಿಸೋದು, ಜೋಡಿಸೋದು, ಹಾಡು ಹಾಕೋದು, ಇವೆಲ್ಲ ಆಗಿಬಿಡುತ್ತಿತ್ತು. ಪ್ರಾಣ ಹಿಂಡುತ್ತಿದ್ದುದು ಕೊನೆಯ ಕೆಲಸ: ಕಂಪ್ಯೂಟರಿನಲ್ಲಿ ಸಿದ್ಧವಾದ ಮದುವೆಯನ್ನು ಮತ್ತೆ ಟೇಪಿಗೆ ಇಳಿಸೋದು. ಡಿವಿಡಿ ಇನ್ನೂ ಮನೆಮನೆಗೆ ಬಂದಿರಲಿಲ್ಲ. ಮಾಸ್ಟರ್ ಪ್ರತಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮಿನಿ ಡಿವಿ ಟೇಪಿನಲ್ಲಿ ಇರಬೇಕು. ಮನೆಯವರಿಗೆ ಅದರಿಂದ ತೆಗೆದ ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ಟು. ಮೇಲುಕೋಟೆ ವೈರಮುಡಿಯನ್ನೋ ಊರ ಜಾತ್ರೆಯನ್ನೋ ಹಾಕಬೇಕಾದರೆ ಕೇಬಲ್ ಟಿವಿಯವರಿಗೂ ಟೇಪೇ ಬೇಕಿತ್ತು.

"ಕಂಪ್ಯೂಟ್ರಲ್ಲಿ ಐತಲ್ಲ, ಗುಂಡಿ ಒತ್ತುದ್ರೆ ಆಯ್ತಪ್ಪ" ಅಂದರು ಅಕ್ಕ.

ಗುಂಡಿ ಒತ್ತಿದರೆ ಶುರುವಾಗುತ್ತಿತ್ತು, ಮುಗಿಯುತ್ತಿರಲಿಲ್ಲ. ನಮ್ಮ ದೇಶದ ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಸೆಕೆಂಡಿಗೆ ಸುಮಾರು 3.6 ಎಂಬಿ, ಗಂಟೆಗೆ ಹತ್ತಿರಹತ್ತಿರ 13 ಜಿಬಿ ಮಾಲು ಹಾರ್ಡ್‌ಡಿಸ್ಕಿನಿಂದ ಹೊರಟು ಫೈರ್‌ವೈರ್ ಕೇಬಲ್ಲಿನಲ್ಲಿ ಹರಿದು ಕ್ಯಾಮೆರಾದೊಳಗಿನ ಟೇಪಿಗೆ ಮುಟ್ಟಬೇಕು. ಕಂಪ್ಯೂಟರಿನೊಳಗೇ ಒಂದು ಫೈಲು ಮಾಡೋದಾದರೆ ಅದು ರಾತ್ರಿಯೆಲ್ಲ ನಿಧಾನವಾಗಿ ಮಾಡಿಕೊಳ್ಳಲಿ, ಕೇಳುವವರಿಲ್ಲ. ಟೇಪು ಹಾಗಲ್ಲ, ಓಡುತ್ತಲೇ ಇರುತ್ತದೆ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನು ಕೈ ಬಿಟ್ಟರೆ ಗಾಣ ಬರಿದೇ ತಿರುಗುತ್ತದಲ್ಲ, ಹಾಗೆ ಡಿಸ್ಕು ಒಂದು ಕ್ಷಣ ತಡವರಿಸಿದರೂ ಟೇಪಿನಲ್ಲಿ ಅಷ್ಟು ಚಿತ್ರ ಇಲ್ಲ. ನಾವು ಅದನ್ನು ‘ಫ್ರೇಮ್ ಡ್ರಾಪ್’ ಅಂತಿದ್ದೆವು. ಐವತ್ತನೇ ನಿಮಿಷದಲ್ಲಿ ಆದರೆ ಮೊದಲಿನಿಂದ ಮತ್ತೆ ಒಂದು ಗಂಟೆ. ನಡುವೆ ಕರೆಂಟು ಹೋದರೂ ಅದೇ ಪಾಡು. ಯುಪಿಎಸ್ಸು ಕಂಪ್ಯೂಟರಿಗೆ ಮಾತ್ರ ಇದ್ದರೆ ಸಾಲದು, ಕ್ಯಾಮೆರಾಕ್ಕೂ ಬೇಕು.

ತೊಂದರೆ ಬಂದರೆ ಎಲ್ಲರೂ ಮೊದಲು ಬೈಯುತ್ತಿದ್ದುದು ಸಾಫ್ಟ್‌ವೇರನ್ನ. ತೆಗೆದು ಮತ್ತೆ ಹಾಕೋದು, ವಿಂಡೋಸನ್ನೇ ಹೊಸದಾಗಿ ಹಾಕೋದು. ಆ ಕೆಲಸದಲ್ಲಿ ನಾನು ಕಲಿತದ್ದು ಒಂದೇ: ಹುಡುಕಾಟ ಟೇಪಿನ ಕಡೆಯಿಂದ ಶುರುವಾಗಬೇಕು. ಟೇಪಿನ ಬೆನ್ನಲ್ಲಿರುವ ಲಾಕು ‘ರೆಕಾರ್ಡ್’ ಕಡೆಗಿದೆಯೇ? ಕ್ಯಾಮೆರಾ ವಿಸಿಆರ್ ಮೋಡಿನಲ್ಲಿದೆಯೇ? ಪ್ರಾಜೆಕ್ಟು ಪ್ಯಾಲ್‌ನಲ್ಲಿದೆಯೋ ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಕೂತಿದೆಯೋ? ಆಮೇಲೆ ಕೇಬಲ್ಲು. ಕಂಪ್ಯೂಟರಿನ ಕಡೆಯ ಆರು ಪಿನ್ನಿನ ತುದಿಯಲ್ಲಿ ವಿದ್ಯುತ್ತೂ ಇರುತ್ತದೆ. ಅವಸರದಲ್ಲಿ ತಿರುಗಾಮುರುಗಾ ತುರುಕಿದರೆ ಕ್ಯಾಮೆರಾದ ಪೋರ್ಟೇ ಸುಟ್ಟುಹೋಗುತ್ತದೆ. ಎರಡನ್ನೂ ಆಫ್ ಮಾಡಿಯೇ ಕೇಬಲ್ ಹಾಕಬೇಕು.

ಯುರೋಪಿನಿಂದ ನೆಂಟರು ತಂದುಕೊಟ್ಟ ಕ್ಯಾಮೆರಾ ಆದರೆ ಇನ್ನೊಂದು ಗ್ರಹಚಾರ. ಹೊರಗಿನಿಂದ ಬಂದದ್ದನ್ನು ರೆಕಾರ್ಡ್ ಮಾಡಿಕೊಳ್ಳುವ ಕ್ಯಾಮೆರಾಕ್ಕೆ ಅಲ್ಲಿ ವಿಸಿಆರ್ ಲೆಕ್ಕದಲ್ಲಿ ಹೆಚ್ಚು ಸುಂಕ ಬೀಳುತ್ತಿತ್ತು. ಅದಕ್ಕೇ ಎಷ್ಟೋ ಮಾಡೆಲ್ಲುಗಳನ್ನು ಒಳದಾರಿ ಮುಚ್ಚಿಯೇ ಮಾರುತ್ತಿದ್ದರು. ಅದರಿಂದ ವಿಡಿಯೊ ಹೊರಗೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಸಾಫ್ಟ್‌ವೇರಿನಲ್ಲಿ ದಿನವಿಡೀ ತಡಕಿದರೂ ಕಾರಣ ಅಲ್ಲಿ ಸಿಗದು.

ಇಷ್ಟೂ ಸರಿ ಇದ್ದರೆ ಆಗ ಡಿಸ್ಕಿನ ಸರದಿ. ವಿಡಿಯೊಗೆ ಬೇರೆಯೇ ಡಿಸ್ಕು ಇರಬೇಕು, ಆಂಟಿವೈರಸ್ಸು ಸ್ಕ್ರೀನ್ ಸೇವರುಗಳನ್ನು ಮಲಗಿಸಬೇಕು. ಹಳೆಯ ಫ್ಯಾಟ್32 ಡಿಸ್ಕಿನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಅಂದರೆ 20 ನಿಮಿಷದ ಆಸುಪಾಸಿಗೆ ಫೈಲು ಮುಗೀತು.

ಎಲ್ಲಕ್ಕಿಂತ ಕಣ್ಣು ತಪ್ಪಿಸುತ್ತಿದ್ದ ದೋಷ ಒಂದಿತ್ತು. ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ, ಗೆರೆ ಬಿಟ್ಟು ಗೆರೆ, ಆಗಿನ ಟಿವಿಗೆ ಬರುತ್ತಿತ್ತು. ಡಿವಿಯಲ್ಲಿ ಕೆಳಗಿನ ಅರ್ಧ ಮೊದಲು. ಸೆಟ್ಟಿಂಗ್ ತಿರುವುಮುರುವಾದರೆ ಕಂಪ್ಯೂಟರಿನ ಪರದೆಯಲ್ಲಿ ಗೊತ್ತೇ ಆಗದು. ಟಿವಿಗೆ ಹಾಕಿದಾಗ ಧಾರೆ ಮಂಟಪದಲ್ಲಿ ಕೂತವರೆಲ್ಲ ನೆಟ್ಟಗೆ ಕಾಣುತ್ತಾರೆ. ‘ಗಟ್ಟಿಮೇಳ’ ಅಂದ ಕೂಡಲೇ ಎಲ್ಲರೂ ಎಸೆದ ಅಕ್ಷತೆ ಮಾತ್ರ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ನಡುಗುತ್ತಾ ಬೀಳುತ್ತದೆ. ಆದ್ದರಿಂದ ಟೇಪಿಗೆ ಇಳಿಸುವಾಗ ಪಕ್ಕದಲ್ಲಿ ಟಿವಿ ಇರಲೇಬೇಕು, ಅಕ್ಷತೆಯ ಹೊತ್ತಿಗೆ ಕಣ್ಣು ಅಲ್ಲೇ ಇರಬೇಕು.

"ಈಗ ಟೇಪೆಲ್ಲಿ ಬುಡಪ್ಪ. ಬೀರುನಾಗೆ ಮಡಗಿದ್ದು ಹಂಗೇ ಐತೆ" ಅಂದರು ಅಕ್ಕ.

ಅದನ್ನೇ ಹೇಳಬೇಕು ಅಂತಿದ್ದೆ. ಹಾಗೇ ಇಡಬೇಡಿ. ವಿಎಚ್‌ಎಸ್ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿತು. ಆಯಸ್ಕಾಂತೀಯ ಟೇಪಿನಲ್ಲಿರುವುದನ್ನೆಲ್ಲ ಬೇಗ ಉಳಿಸಿಕೊಳ್ಳಿ ಎಂದು 2019ರಲ್ಲಿ ಯುನೆಸ್ಕೊ ಕಡೆಯಿಂದಲೂ ಎಚ್ಚರಿಕೆ ಬಂತು. ಟೇಪಿಗಿಂತ ಮೊದಲು ಅದನ್ನು ಓಡಿಸುವ ಯಂತ್ರ ಮಾಯವಾಗುತ್ತಿದೆ. ನಮ್ಮ ನಾಲ್ಕು ತಾಲ್ಲೂಕಿನ ಹಳೆಯ ಸ್ಟುಡಿಯೊದವರನ್ನು ಕೈಮುಗಿದು ಕೇಳುತ್ತೇನೆ: ಆ ಕ್ಯಾಮೆರಾ, ಫೈರ್‌ವೈರ್ ಇರುವ ಆ ಕಂಪ್ಯೂಟರು ಗುಜರಿಗೆ ಹಾಕಬೇಡಿ. ಅವತ್ತು ಮದುವೆ ಹೊರಗೆ ಹೋದ ದಾರಿಯಲ್ಲೇ ಇವತ್ತು ಅದು ಒಳಗೆ ಬರಬೇಕು.

ಇನ್ನೊಂದು ಮಾತು ಅಕ್ಕ. ಮಿಕ್ಸಿಂಗ್ ಆದ ಕ್ಯಾಸೆಟ್ಟಿನಲ್ಲಿ ಇರೋದು ಬಹುಪಾಲು ಸಿನಿಮಾ ಹಾಡು. ಚಪ್ಪರದ ಕೆಳಗೆ ಕೂತು ನಿಮ್ಮ ಅತ್ತೆ ಸೋಬಾನೆ ಹೇಳಿದ್ದರೆ ಆ ದನಿಯನ್ನು ಅಡಗಿಸಿಯೇ ಮೇಲೆ ಹಾಡು ಹಾಕುತ್ತಿದ್ದರು. ಆಗ ಗಿರಾಕಿಗಳಿಗೆ ಬೇಕಿದ್ದುದೂ ಅದೇ. ಆ ಸೋಬಾನೆ ಇರೋದು ಕ್ಯಾಮೆರಾದ ಮೂಲ ಟೇಪಿನಲ್ಲಿ ಮಾತ್ರ. ಅದು ನಿಮಗೆ ಸಿಕ್ಕಿದ್ದರೆ ದೊಡ್ಡ ಕ್ಯಾಸೆಟ್ಟನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಆ ಚಿಕ್ಕ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಕೊಡಿ. ಬಿಳಿ ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕಬೇಡಿ, ತಿಳಿದವರ ಹತ್ತಿರ ಒರೆಸಿಸಿ. ಟಿವಿ ಎದುರು ಮೊಬೈಲ್ ಹಿಡಿದು ತೆಗೆಯೋದು ಬೇಡ. ಕೇಬಲ್ಲಿನಲ್ಲೇ ಇಳಿಸಿದರೆ ಟೇಪಿನಲ್ಲಿದ್ದದ್ದು ಇದ್ದ ಹಾಗೇ ಬರುತ್ತದೆ. ಬಂದ ಫೈಲನ್ನು ಎರಡು ಡಿಸ್ಕಿಗೆ ಹಾಕಿಸಿ, ಒಂದು ನಿಮ್ಮಲ್ಲಿರಲಿ, ಒಂದು ಮಗಳ ಮನೆಯಲ್ಲಿರಲಿ.