ಮೆಟ್ರೋ ಬರ್ಲಿ ತಡೀರಿ!

ಹೈದರಾಬಾದ್ ಅಂಚಿನ ಶಂಶಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಬ್ಲಾಕಿಗೊಬ್ಬ ಪರಿಸರಪ್ರೇಮಿ ಕಾಕಾ ಇರುತ್ತಾರೆ. ನಮ್ಮ ಬ್ಲಾಕಿನವರು ಕಲಬುರಗಿ ಕಡೆಯವರು. ಕೈಯಲ್ಲಿ ಬಟ್ಟೆ ಚೀಲ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೊಗೆಯ ಉಪದೇಶ. "ಮಂದಿ ಬಸ್ಸಿನ್ಯಾಗ ಅಡ್ಡಾಡೋದು ಕಲೀಬೇಕ್ರಿ" ಎಂದವರೇ ಕೀಲಿ ತಿರುಗಿಸುತ್ತ ಹಾಲು ತರಲು ಕಾರು ಹತ್ತುತ್ತಾರೆ. ಅಂಗಡಿ ಗೇಟಿನ ಎದುರಿಗೇ ಇದೆ. ದೂರ ಇರುವುದು ಯೂ-ಟರ್ನ್. ಬಟ್ಟೆ ಚೀಲದ ಪುಣ್ಯದಲ್ಲಿ ಡೀಸೆಲ್ಲಿನ ಪಾಪ ವಜಾ ಆಗುತ್ತದೆಂಬುದು ಅವರ ಲೆಕ್ಕ.

ಅಸಲು ಕಾರಣ ವಾಚ್‌ಮನ್. ಕಾರು ಕಂಡರೆ ಎದ್ದು ಸಲಾಂ ಹೊಡೆದು ಇಡೀ ಗೇಟು ತೆರೆಯುತ್ತಾನೆ. ನಡೆದು ಬಂದವರಿಗೆ ಪಕ್ಕದ ಸಣ್ಣ ಬಾಗಿಲು, ಅದೂ ತಲೆ ತಗ್ಗಿಸಿ. ಕಾರು ಸರ್ವೀಸಿಗೆ ಹೋಗಿದ್ದ ದಿನ ಕಾಕಾ ಆಟೋದಿಂದಿಳಿದು ಬಂದರೆ, ಆತ ರಿಜಿಸ್ಟರ್ ಮುಂದೆ ಹಿಡಿದು ಕೇಳಿದ: "ಕಿಸ್ಕೆ ಘರ್ ಕೋ ಜಾನಾ ಸಾಬ್?" ಇಂಥ ಪೆಟ್ಟಿಗೆ ಯಾವ ಪರಿಸರ ಸಮ್ಮೇಳನದಲ್ಲೂ ಮದ್ದಿಲ್ಲ.

ಹಾಗಂತ ಕಾರು ಬಿಡುವ ಪ್ರತಿಜ್ಞೆ ಇಲ್ಲವೆಂದಲ್ಲ. 2017ರಲ್ಲಿ ಹೈದರಾಬಾದ್ ಮೆಟ್ರೋ ಶುರುವಾದಾಗಲೇ "ನಮ್ಮ ಕಡಿ ಬರ್ಲಿ ತಡೀರಿ, ಅವತ್ತೇ ಮಾರಿಬಿಡ್ತೀನಿ" ಎಂದಿದ್ದರು. 2022ರ ಡಿಸೆಂಬರಿನಲ್ಲಿ ರಾಯದುರ್ಗಂನಿಂದ ನಮ್ಮ ಶಂಶಾಬಾದಿನ ಏರ್‌ಪೋರ್ಟಿಗೆ ಮೆಟ್ರೋ ಎಂದು ಅಡಿಗಲ್ಲು ಬಿದ್ದಾಗ ಕಾಕಾಗೆ ಎರಡು ದಿನ ಊಟ ಸೇರಲಿಲ್ಲ. ಮರುವರ್ಷ ಸರ್ಕಾರ ಬದಲಾಗಿ, ಆ ಮಾರ್ಗ ಬೇಡ, ಚಾಂದ್ರಾಯಣಗುಟ್ಟದ ಮೇಲಿಂದ ತರೋಣ ಎಂದಾಯಿತು. ಕಾರಿಗೆ ಹೊಸ ಸೀಟ್ ಕವರ್ ಬಂತು. ಇಲ್ಲೇ ಪಕ್ಕದ ಉಮ್ದಾನಗರದ ಎಂಎಂಟಿಎಸ್ ಲೋಕಲ್ ರೈಲಿನ ಸುದ್ದಿ ಎತ್ತಿದರೆ "ಅದರ ಟೈಮ್ ನಮಗ ಹೊಂದಂಗಿಲ್ರೀ" ಎನ್ನುತ್ತಾರೆ. ರಿಟೈರಾಗಿ ಆರು ವರ್ಷವಾದವರು!

ಅವರ ಹೆಂಡತಿ ಕಾಕೂಗೆ ಪರಿಸರದ ಗೊಡವೆಯೇ ಇಲ್ಲ. 2023ರ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಹೆಂಗಸರಿಗೆ ಬಸ್ ಫ್ರೀ. ಆಧಾರ್ ತೋರಿಸಿ ಜೀರೋ ಟಿಕೆಟ್ ಹರಿಸಿಕೊಂಡು, ಓಣಿಯ ನಾಲ್ಕು ಹೆಂಗಸರೊಡನೆ ಅಫ್ಜಲ್‌ಗಂಜಿನಲ್ಲಿಳಿದು, ಬೇಗಂಬಜಾರಿನಲ್ಲಿ ಪಾತ್ರೆಗೆ ಚೌಕಾಸಿ ಮಾಡಿ ಬರುತ್ತಾರೆ. "ಪುಕ್ಕಟೆ ಅಂತ ಹೋಗ್ತಾಳ, ತತ್ವಕ್ಕಲ್ಲ" ಎಂಬುದು ಕಾಕಾನ ಕೊರಗು.

ಮೊನ್ನೆ ಆರಾಂಘರ್ ಜಾಮಿನಲ್ಲಿ ಸಿಕ್ಕಿಬಿದ್ದ ಕಾಕಾ, ಒಬ್ಬರೇ ಎಸಿ ಹಾಕಿಕೊಂಡು ಕೂತಲ್ಲಿಂದಲೇ ಅಪಾರ್ಟ್‌ಮೆಂಟ್ ಗ್ರೂಪಿಗೆ ಬರೆದರು: "ಎಲ್ಲರೂ ಬಸ್ ಹತ್ತಿದರ ಈ ಜಾಮೇ ಇರಂಗಿಲ್ಲ!"

ನಿಮಿಷದೊಳಗೆ ಕಾಕೂನ ಉತ್ತರ ಬಂತು: "ರೀ, ನಿಮ್ಮ ಹಿಂದಿನ ಬಸ್ಸಿನ್ಯಾಗ ಕುಂತೀನಿ. ಜರಾ ಬಾಜೂಕ ಸರೀರಿ."