ಕೆರೆದು ತಿನ್ನುವ ದೊಡ್ಡಪ್ಪ

ಮಲೆನಾಡಿನ ಕೂಡುಕುಟುಂಬಗಳಲ್ಲಿ ಇಂಥ ಒಬ್ಬ ದೊಡ್ಡಪ್ಪ ಇದ್ದೇ ಇರುತ್ತಾರೆ. ಆಷಾಢದ ಜಡಿಮಳೆ ಹಿಡಿದು ವಾರವಾಯಿತೆಂದರೆ ಅವರ ಚಪ್ಪಲಿಗೆ ಹಸಿರು ಬೂಷ್ಟು, ಬೆಲ್ಟಿಗೆ ಬಿಳಿ ಬೂಷ್ಟು, ಪೆಟ್ಟಿಗೆಯಲ್ಲಿನ ರೇಷ್ಮೆ ಶಲ್ಯಕ್ಕೆ ಎರಡೂ. ಅವರಿಗೇನೂ ಬೇಸರವಿಲ್ಲ. ಉಟ್ಟ ಪಂಚೆಯ ತುದಿಯಲ್ಲಿ ಎಲ್ಲವನ್ನೂ ಒರೆಸಿ, ಅದೇ ಪಂಚೆಯಲ್ಲಿ ಊಟಕ್ಕೆ ಕೂರುತ್ತಾರೆ.

ಬ್ರೆಡ್ಡಿನ ಮೂಲೆ ಹಸಿರಾಯಿತೆಂದು ದೊಡ್ಡಮ್ಮ ಎಸೆಯಲು ಹೊರಟರೆ ಚಾಕು ಹಿಡಿದು ಅಡ್ಡ ಬರುತ್ತಾರೆ. "ಎಂಥದೂ ಆಗಲ್ಲ ಮಾರಾಯ್ತಿ, ಕೆರೆದ್ರೆ ಹೋಯ್ತು." ಬಿಎಸ್ಸಿ ಓದುವ ತಮ್ಮನ ಮಗಳು, ಮೇಲೆ ಕಾಣುವುದು ಬರೀ ಬೀಜಕಣದ ಪುಡಿ, ಕಣ್ಣಿಗೆ ಬೀಳದ ಎಳೆಗಳು ಆಗಲೇ ಒಳಗೆಲ್ಲ ಇಳಿದಿರುತ್ತವೆ ಎನ್ನುತ್ತಾಳೆ. ದೊಡ್ಡಪ್ಪನ ಬತ್ತಳಿಕೆಯಲ್ಲಿ ಅದಕ್ಕೂ ಬಾಣವಿದೆ.

"ಪೆನ್ಸಿಲಿನ್ ಎಲ್ಲಿಂದ ಬಂತೇ ಕೂಸೇ?"

"1928ರಲ್ಲಿ ಫ್ಲೆಮಿಂಗ್ ಬೂಷ್ಟು ಹಿಡಿದ ತಟ್ಟೆ ನೋಡಿದ್ದು ಹೌದು ದೊಡ್ಡಪ್ಪ. ನೆಕ್ಕಲಿಲ್ಲ."

ಇದೇ ಮನುಷ್ಯನನ್ನು ಅಪ್ಪೆಮಿಡಿ ಭರಣಿಯ ಪಕ್ಕದಲ್ಲಿ ನೋಡಬೇಕು. ಭರಣಿ ತೊಳೆದು ಬಿಸಿಲಲ್ಲಿ ಕಾಯಿಸಿರಬೇಕು. ಉಪ್ಪಿಗೆ ಕೈ ಹಿಡಿತ ಮಾಡುವಂತಿಲ್ಲ. ಯಾರಾದರೂ ಒದ್ದೆ ಸೌಟು ಇಳಿಸಿದರೋ, ಮನೆಯ ಮಾಡು ಹಾರುವ ಹಾಗೆ ಕೂಗುತ್ತಾರೆ. ಲೆಕ್ಕ ಸರಿಯೇ. ಬೂಷ್ಟಿನ ಬೀಜಕಣ ಯಾವ ಮನೆಯ ಗಾಳಿಯಲ್ಲಿಲ್ಲ? ಬಿದ್ದ ಜಾಗದಲ್ಲಿ ತೇವ ಸಿಕ್ಕರೆ ಮೊಳೆಯುತ್ತದೆ. ಭರಣಿಯ ನೀರನ್ನೆಲ್ಲ ಉಪ್ಪು ಹಿಡಿದಿಟ್ಟುಕೊಂಡರೆ ಅದಕ್ಕೆ ಕುಡಿಯಲು ಹನಿಯೂ ಸಿಗದು. ತೋಟದಲ್ಲೂ ಅಷ್ಟೇ, ಕೊಳೆರೋಗ ಬಾರದಂತೆ ಮಳೆಗೆ ಮೊದಲೇ ಅಡಿಕೆ ಕೊನೆಗೆ ಮೈಲುತುತ್ತ, ಸುಣ್ಣದ ಔಷಧಿ ಹೊಡೆಸದಿದ್ದರೆ ಅವರಿಗೆ ನಿದ್ದೆಯಿಲ್ಲ. (ಕೊಳೆರೋಗದ ಜೀವಿ ನಿಜವಾದ ಶಿಲೀಂಧ್ರವಲ್ಲ ಎಂದು ಕೂಸು ಒಮ್ಮೆ ಹೇಳಿ ಬೈಸಿಕೊಂಡಿದ್ದಾಳೆ.) ಇಷ್ಟೆಲ್ಲ ಬಲ್ಲವರು ಬ್ರೆಡ್ಡಿನ ಮುಂದೆ ಮಾತ್ರ ವೇದಾಂತಿ.

ಈ ಸಲ ಡಬ್ಬಿಯ ಶೇಂಗಾಕ್ಕೆ ಹಳದಿ ಬೆರೆತ ಹಸಿರು ಪುಡಿ ಹತ್ತಿತ್ತು. ದೊಡ್ಡಪ್ಪ ಬಟ್ಟೆಯಲ್ಲಿ ಉಜ್ಜಿ ಹುರಿಯಲು ಕೊಟ್ಟರು. ಕೂಸು ಬಾಣಲೆ ಕಸಿದುಕೊಂಡಳು: ಇದರ ವಿಷ ಅಫ್ಲಾಟಾಕ್ಸಿನ್, ಹುರಿದರೂ ಪೂರ್ತಿ ಹೋಗದು, ಲಿವರಿಗೆ ಹೊಡೆತ; 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷ ಟರ್ಕಿ ಕೋಳಿ ಸತ್ತಿದ್ದವು.

"ಅವು ಕೆರೆದು ತಿಂದಿರ್ಲಿಕ್ಕಿಲ್ಲ."

"ಕೋಳಿ ಕೆರೆದೇ ತಿನ್ನೋದು ದೊಡ್ಡಪ್ಪ."

ದೊಡ್ಡಪ್ಪ ಮೊದಲ ಬಾರಿಗೆ ಸೋತರು. "ಹೋಗ್ಲಿ, ಕೊಟ್ಟಿಗೆಗೆ ಹಾಕು, ಹಸು ತಿಂತದೆ."

ಹಸು ತಿಂದರೆ ಆ ವಿಷ ಹಾಲಿಗೂ ಇಳಿಯುತ್ತದೆ, ನಾಳೆ ನಿಮ್ಮ ಕಾಫಿಗೇ ಬರುತ್ತದೆ ಎಂದಳು ಕೂಸು. ದೊಡ್ಡಪ್ಪ ಗಾಬರಿಯಾದರು. ಕವಳ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು. ತುಂಬ ಹೊತ್ತು ಯೋಚಿಸಿದರು.

"ಹಾಗಾದ್ರೆ ಡೈರಿಗೆ ಹಾಲು ಹಾಕೋ ಹಸು ಇದೆಯಲ್ಲ, ಅದಕ್ಕೆ ಹಾಕು."